ಎಲ್ಲ ಮಕ್ಕಳೂ ಹಾಡಲಿ: ಶಾಲೆಯಲ್ಲಿ ಎರಡು ಧ್ವನಿಯ ಹಾಡು ಕಲಿಸೋದು ಹೇಗೆ?

ಹರಿಹರಪುರ: ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ನಮ್ಮ ಕಡೆಯ ಶಾಲೆಗಳ ಮುಂದೆ ಹಾದು ಹೋದರೆ ಹೆಚ್ಚುಕಮ್ಮಿ ಒಂದೇ ರೀತಿ ಕೇಳುತ್ತೆ. ಮುಂದೆ ನಿಂತ ಇಬ್ಬರು ಮೂವರು ಮಕ್ಕಳು ಹಾಡ್ತಾರೆ. ನಡುವಿನವರು ಅವರ ಹಿಂದೆ ಎಳೀತಾರೆ. ಕೊನೇ ಸಾಲಿನವರು ಬಾಯಿ ಮಾತ್ರ ಆಡಿಸ್ತಾರೆ. ಆಗಸ್ಟ್ 15, ನವೆಂಬರ್ 1 ಹತ್ತಿರ ಬಂತು ಅಂದ್ರೆ ಇನ್ನೊಂದು ಮಾತೂ ಸೇರಿಕೊಳ್ಳುತ್ತೆ: ‘ನಿಂಗೆ ಸ್ವರ ಕೂಡಲ್ಲ, ಸುಮ್ನೆ ನಿಂತ್ಕೋ.’

ಹೇಳುವವರು ಕೆಟ್ಟ ಮನಸ್ಸಿನಿಂದ ಹೇಳೋದಿಲ್ಲ. ಕಾರ್ಯಕ್ರಮ ಚೆನ್ನಾಗಿ ಆಗಬೇಕು, ಊರಿನವರ ಮುಂದೆ ಶಾಲೆ ಹೆಸರು ಉಳೀಬೇಕು ಅಂತ ಹೇಳ್ತಾರೆ. ಆದರೆ ಎಂಟು ವರ್ಷಕ್ಕೆ ಈ ಮಾತು ಕೇಳಿದ ಮಗು ನಲವತ್ತು ವರ್ಷ ಆದರೂ ‘ನಂಗೆ ಹಾಡೋಕೆ ಬರಲ್ಲ’ ಅಂತಲೇ ಹೇಳಿಕೊಂಡು ಓಡಾಡುತ್ತೆ. ನಮ್ಮ ಪೇಟೆಯಲ್ಲೇ ಅಂಥವರು ಬೇಕಾದಷ್ಟು ಸಿಗ್ತಾರೆ.

ಯಾರನ್ನೂ ಸುಮ್ಮನಿರಿಸದೆ ಶಾಲೆಯ ಹಾಡು ಚಂದ ಮಾಡೋಕೆ ಒಂದು ದಾರಿ ಇದೆ. ಮಕ್ಕಳನ್ನು ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಕೆಲಸ ಕೊಟ್ಟು, ಎರಡನ್ನೂ ಒಟ್ಟಿಗೆ ಹಾಡಿಸೋದು. ಇದಕ್ಕೆ ಖರ್ಚಿಲ್ಲ, ದೊಡ್ಡ ಸಂಗೀತ ವಿದ್ವಾಂಸರೂ ಬೇಡ. ಹೇಗೆ ಅನ್ನೋದನ್ನ ಇಲ್ಲಿ ಮೊದಲಿಂದ ಹೇಳ್ತಾ ಹೋಗ್ತೀವಿ.

ಎರಡು ಧ್ವನಿಯ ಹಾಡು ಅಂದ್ರೆ ಏನು?

2022ರ ಅಕ್ಟೋಬರ್ 28ರಂದು ರಾಜ್ಯದಲ್ಲಿ ‘ಕೋಟಿ ಕಂಠ ಗಾಯನ’ ನಡೆದಿದ್ದು ನೆನಪಿರಬಹುದು. ಶಾಲೆ, ಕಚೇರಿ, ಬಸ್ ನಿಲ್ದಾಣ ಎಲ್ಲಾ ಕಡೆ ಜನ ನಿಂತು ಕನ್ನಡ ಹಾಡುಗಳನ್ನ ಹಾಡಿದರು. ಕಂಠ ಕೋಟಿ ಇದ್ದರೂ ಎಲ್ಲರೂ ಹಾಡಿದ ಸ್ವರ ಒಂದೇ. ನಮ್ಮ ಶಾಲೆಗಳ ಸಾಮೂಹಿಕ ಗಾಯನ ಅಂದ್ರೆ ಇದೇ: ಎಲ್ಲರೂ ಅದೇ ಸಾಲು, ಅದೇ ಸ್ವರ, ಅದೇ ಹೊತ್ತಿಗೆ.

ಎರಡು ಧ್ವನಿಯ ಹಾಡಿನಲ್ಲಿ ಹಾಗಲ್ಲ. ಒಂದು ಗುಂಪು ‘ಸ’ ಹಾಡುವಾಗ ಇನ್ನೊಂದು ಗುಂಪು ‘ಗ’ ಅಥವಾ ‘ಪ’ ಹಾಡುತ್ತಿರುತ್ತೆ. ಬೇರೆ ಬೇರೆ ಸ್ವರ, ಆದರೆ ಒಟ್ಟಿಗೆ ಕೇಳಿದರೆ ಹೊಂದಿಕೊಂಡು ಕಿವಿಗೆ ತುಂಬಿದ ಹಾಗೆ ಇರುತ್ತೆ. ಇಬ್ಬರು ಒಂದೇ ಹಗ್ಗ ಎಳೆಯೋದಕ್ಕೂ, ಇಬ್ಬರು ಎರಡು ಎಳೆ ಹಿಡಿದು ಹಗ್ಗ ಹೊಸೆಯೋದಕ್ಕೂ ಇರುವ ವ್ಯತ್ಯಾಸ ಇದು.

ಇದು ನಮ್ಮದಲ್ಲ ಅನ್ನೋರಿಗೆ

‘ಇದೆಲ್ಲಾ ಇಂಗ್ಲಿಷ್‌ನೋರ ಪದ್ಧತಿ, ನಮ್ಮ ಸಂಗೀತಕ್ಕೆ ಆಗಿಬರಲ್ಲ’ ಅಂತ ಕೆಲವರು ಹೇಳಬಹುದು. ಅದರಲ್ಲಿ ಅರ್ಧ ಸತ್ಯ ಇದೆ. ಕರ್ನಾಟಕ ಸಂಗೀತ ಒಂದೇ ಎಳೆಯ ಸಂಗೀತ. ಗಮಕ ತುಂಬಿದ ರಾಗದ ಮೇಲೆ ಇನ್ನೊಂದು ಸ್ವರ ಹೇರಿದರೆ ರಾಗ ಕೆಡುತ್ತೆ. ಅಂಥ ಕೀರ್ತನೆಗಳನ್ನ ಈ ಕೆಲಸಕ್ಕೆ ಮುಟ್ಟಲೇಬಾರದು. ಆದರೆ ಗುಂಪು ಮಾಡಿ ಹಾಡು ಹಂಚಿಕೊಳ್ಳೋದು ನಮ್ಮ ಮಲೆನಾಡಿಗೆ ಹೊಸದೇನಲ್ಲ.

ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರನ್ನ ನೋಡಿ. ಮುಂದಿನವರು ಹೇಳಿದ ಸಾಲನ್ನ ಹಿಂದಿನವರು ಎತ್ತಿಕೊಳ್ತಾರೆ. ಮದುವೆ ಮನೆಯ ಸೋಬಾನೆ ಪದ, ಶನಿವಾರದ ಭಜನೆ, ಗದ್ದೆ ನಾಟಿಯ ಪದ ಎಲ್ಲದರಲ್ಲೂ ಇದೇ ನಡೆ. ಶೃಂಗೇರಿ, ಹರಿಹರಪುರದ ಕಡೆ ವೇದಪಾಠದಲ್ಲಿ ಗುರುಗಳು ಒಮ್ಮೆ ಹೇಳಿದ್ದನ್ನ ಶಿಷ್ಯರು ಎರಡೆರಡು ಸಲ ಹೇಳುವ ಸಂಥೆಯ ಕ್ರಮವೂ ಕಿವಿಯಿಂದ ಕಿವಿಗೆ ಪಾಠ ದಾಟಿಸುವ ಇಂಥದ್ದೇ ದಾರಿ.

ಈಗ ಒಂದು ಸಣ್ಣ ಬದಲಾವಣೆ ಯೋಚಿಸಿ. ಮುಂದಿನವರು ಒಂದು ಸಾಲು ಮುಗಿಸಿ ನಿಲ್ಲದೆ ಎರಡನೇ ಸಾಲಿಗೆ ಹೋಗ್ತಾರೆ, ಅದೇ ಹೊತ್ತಿಗೆ ಹಿಂದಿನವರು ಮೊದಲ ಸಾಲು ಶುರು ಮಾಡ್ತಾರೆ. ಅಷ್ಟೇ, ಎರಡು ಧ್ವನಿಯ ಹಾಡು ಹುಟ್ಟಿತು. ಇದನ್ನ ಇಲ್ಲಿ ‘ಸುತ್ತು ಹಾಡು’ ಅಂತ ಕರೆಯೋಣ. ಇಂಗ್ಲೆಂಡಿನಲ್ಲಿ 13ನೇ ಶತಮಾನದ ಹಸ್ತಪ್ರತಿಯಲ್ಲೇ ಇಂಥ ಹಾಡು ಬರೆದಿಟ್ಟಿದ್ದಾರೆ.

ಕನ್ನಡದಲ್ಲೇ ನಾಲ್ಕು ಧ್ವನಿಯಲ್ಲಿ ಹಾಡೋರೂ ಇದ್ದಾರೆ. ಘಟ್ಟದ ಕೆಳಗೆ ಮಂಗಳೂರಿಗೆ ಬಾಸೆಲ್ ಮಿಷನ್‌ನವರು ಬಂದಿದ್ದು 1834ರಲ್ಲಿ. ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಜೊತೆಗೆ ಅವರು ತಂದಿದ್ದು ಈ ಹಾಡಿನ ಪದ್ಧತಿ. ಆ ಪರಂಪರೆಯ ಕನ್ನಡ ಚರ್ಚುಗಳಲ್ಲಿ ಕನ್ನಡದ ಕೀರ್ತನೆಗಳನ್ನ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಅಂತ ನಾಲ್ಕು ಪಾಲು ಮಾಡಿ ಹಾಡುವ ಗಾಯಕವೃಂದಗಳು ಇವತ್ತಿಗೂ ಇವೆ. ಕೊಂಕಣಿ ಕ್ರೈಸ್ತರಲ್ಲೂ ಎರಡು ಧ್ವನಿಯಲ್ಲಿ ಹಾಡುವ ರೂಢಿ ಹಳೇದು. ಮದ್ರಾಸಿನಲ್ಲಿ ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ ಅವರು ಮದ್ರಾಸ್ ಯೂತ್ ಕಾಯರ್ ಕಟ್ಟಿ, ನಮ್ಮ ದೇಶದ ಭಾಷೆಗಳ ಹಾಡುಗಳನ್ನೇ ಹಲವು ಧ್ವನಿಗಳಲ್ಲಿ ಹಾಡಿಸಿದರು. ಭಾಷೆ ಯಾವುದಾದರೂ ಪದ್ಧತಿ ಒಗ್ಗುತ್ತೆ ಅನ್ನೋದಕ್ಕೆ ಇಷ್ಟು ಸಾಕು.

ಮೊದಲು ಎತ್ತರ ಸರಿ ಮಾಡಿ

ಮಕ್ಕಳಿಗೆ ಸ್ವರ ಕೂಡಲ್ಲ ಅನ್ನೋ ದೂರಿಗೆ ಹೆಚ್ಚಿನ ಸಲ ಕಾರಣ ಮಕ್ಕಳಲ್ಲ, ಹಾಡು ಶುರು ಮಾಡಿದ ಎತ್ತರ.

ಗಂಡಸರ ಧ್ವನಿ ಮಕ್ಕಳ ಧ್ವನಿಗಿಂತ ಒಂದು ಸ್ಥಾಯಿ ಕೆಳಗಿರುತ್ತೆ. ಮೇಷ್ಟ್ರು ಹಾಡಿ ತೋರಿಸಿದಾಗ ಒಂದನೇ ಎರಡನೇ ಕ್ಲಾಸಿನ ಮಕ್ಕಳು ಅವರ ದಪ್ಪ ಸ್ವರವನ್ನೇ ಹಿಡಿಯೋಕೆ ಹೋಗಿ ಗಂಟಲಲ್ಲಿ ಗೊರಗುಟ್ಟುತ್ತವೆ. ಇದಕ್ಕೆ ಸುಲಭದ ಉಪಾಯ ಅಂದ್ರೆ ಆರನೇ ಏಳನೇ ಕ್ಲಾಸಿನ ಒಂದು ಹುಡುಗಿಯ ಹತ್ತಿರ ಮೊದಲ ಸಾಲು ಹಾಡಿಸೋದು. ಟೀಚರ್ ಹಾಡಿದರೂ ಆಗುತ್ತೆ. ಮಕ್ಕಳು ಥಟ್ಟನೆ ಸರಿಯಾದ ಸ್ಥಾಯಿ ಹಿಡಿಯುತ್ತವೆ.

ಹಾರ್ಮೋನಿಯಂ ಇದ್ದರೆ ನಡುವಿನ ಸ್ಥಾಯಿಯಲ್ಲಿ ಬಿಳಿ 2 ಅಥವಾ ಬಿಳಿ 3ರಲ್ಲಿ ಷಡ್ಜ ಇಟ್ಟುಕೊಳ್ಳಿ. ಭಜನಾ ಮಂಡಳಿಯವರಿಗೆ, ಯಕ್ಷಗಾನದವರಿಗೆ ಈ ಲೆಕ್ಕ ಗೊತ್ತೇ ಇರುತ್ತೆ, ಕೇಳಿದರೆ ತೋರಿಸಿಕೊಡ್ತಾರೆ. ಹಾರ್ಮೋನಿಯಂ ಇಲ್ಲದಿದ್ದರೆ ಮೊಬೈಲಿನ ತಂಬೂರಿ ಆಪ್ ಸಾಕು. ಆರಂಭದ ಹಾಡುಗಳು ‘ಸ’ದಿಂದ ‘ದ’ದವರೆಗೆ ಮಾತ್ರ ಓಡಾಡಲಿ.

ಸ್ವರ ಹಿಡಿಯೋಕೆ ಕಷ್ಟ ಪಡುವ ಮಗು ಇದ್ದರೆ ತೋಟದಲ್ಲಿ ಒಬ್ಬರನ್ನೊಬ್ಬರು ಕರೆಯೋಕೆ ‘ಕೂ’ ಹಾಕ್ತೀವಲ್ಲ, ಅದನ್ನ ಹಾಕಿಸಿ. ಮಾತಾಡುವ ಧ್ವನಿಯಲ್ಲೇ ಸಿಕ್ಕಿಕೊಂಡ ಮಗುವಿಗೆ ತನ್ನೊಳಗೆ ಇನ್ನೊಂದು ತೆಳು ಧ್ವನಿ ಇದೆ ಅಂತ ಆಗ ಗೊತ್ತಾಗುತ್ತೆ. ಆಮೇಲೆ ಆ ಮಗು ಯಾವ ಸ್ವರ ಹಾಡುತ್ತೋ ಅದಕ್ಕೆ ನೀವು ಸೇರಿಕೊಳ್ಳಿ. ಎರಡು ಧ್ವನಿ ಒಂದಾದಾಗ ಕಿವಿಗೆ ಹೇಗಿರುತ್ತೆ ಅಂತ ಅದಕ್ಕೆ ತಿಳಿದ ಮೇಲೆ ನಿಧಾನಕ್ಕೆ ನಿಮ್ಮ ಸ್ವರಕ್ಕೆ ಕರೆದುಕೊಂಡು ಬನ್ನಿ.

ಇನ್ನೊಂದು ವಿಷಯ. ‘ಜೋರಾಗಿ ಹಾಡಿ’ ಅನ್ನಬೇಡಿ. ಜೋರು ಅಂದ ಕೂಡಲೇ ಮಕ್ಕಳು ಕಿರುಚುತ್ತವೆ. ಕಿರುಚುವಾಗ ಪಕ್ಕದವರು ಏನು ಹಾಡ್ತಿದಾರೆ ಅಂತ ಕೇಳೋದೇ ಇಲ್ಲ. ಎರಡು ಧ್ವನಿಯ ಹಾಡಿನಲ್ಲಿ ಬಾಯಿಗಿಂತ ಕಿವಿಗೆ ಕೆಲಸ ಜಾಸ್ತಿ.

ಐದು ಮೆಟ್ಟಿಲು

1. ಶ್ರುತಿ ಹಿಡಿಯೋದು. ಎಲ್ಲರೂ ‘ಸ’ ಹಾಡಿ ನಿಲ್ಲಿಸೋದು. ಉಸಿರು ಮುಗಿದವರು ಸುಮ್ಮನೆ ಉಸಿರು ತಗೊಂಡು ಮತ್ತೆ ಸೇರಿಕೊಳ್ಳಲಿ. ಬೇರೆಯವರು ಹಾಡ್ತಾ ಇರೋದರಿಂದ ಸ್ವರ ನಿಲ್ಲೋದಿಲ್ಲ. ಒಬ್ಬರಿಂದ ಆಗದ್ದು ಗುಂಪಿನಿಂದ ಆಗುತ್ತೆ ಅಂತ ಮಕ್ಕಳಿಗೆ ಇಲ್ಲೇ ಗೊತ್ತಾಗುತ್ತೆ.

2. ಹೇಳಿದ್ದನ್ನ ಹೇಳೋದು. ಒಂದು ಗುಂಪು ಸಾಲು ಹಾಡುತ್ತೆ, ಇನ್ನೊಂದು ಅದನ್ನೇ ತಿರುಗಿಸಿ ಹಾಡುತ್ತೆ. ಭಜನೆಗೆ ಹೋಗುವ ಮನೆಯ ಮಕ್ಕಳಿಗೆ ಇದು ಕಲಿಸೋದೇ ಬೇಡ.

3. ಒಬ್ಬರು ಶ್ರುತಿ, ಒಬ್ಬರು ಹಾಡು. ಮೊದಲ ಗುಂಪು ‘ಸ’ ಹಿಡಿದೇ ಇರುತ್ತೆ, ಎರಡನೇ ಗುಂಪು ಅದರ ಮೇಲೆ ಹಾಡುತ್ತೆ. ಎರಡು ಧ್ವನಿ ನಿಜವಾಗಿ ಶುರುವಾಗೋದು ಇಲ್ಲಿ. ಶ್ರುತಿ ಗುಂಪಿಗೆ ‘ದಡ್ಡರ ಗುಂಪು’ ಅನ್ನೋ ಹೆಸರು ಬರಬಾರದು. ದಿನಾ ಗುಂಪು ಅದಲುಬದಲು ಮಾಡಿ.

4. ಒಬ್ಬರು ತುಣುಕು, ಒಬ್ಬರು ಹಾಡು. ಶ್ರುತಿಯ ಬದಲು ಎರಡು ಸ್ವರದ ಒಂದು ತುಣುಕು. ‘ಟಪ್ ಟಪ್, ಟಪ್ ಟಪ್’ ಅಂತ ‘ಸ ಪ, ಸ ಪ’ ಮೇಲೆ ಹಾಡಿಸಿ. ಹಾಡು ಮುಗಿಯೋ ತನಕ ತುಣುಕು ನಿಲ್ಲಬಾರದು, ಓಡಲೂಬಾರದು.

5. ಸುತ್ತು ಹಾಡು. ಇದರ ಉದಾಹರಣೆ ಕೆಳಗೆ ಕೊಟ್ಟಿದೀವಿ.

ಒಂದರಿಂದ ಮೂರನೇ ಕ್ಲಾಸಿನವರಿಗೆ ಮೊದಲ ಎರಡು ಮೆಟ್ಟಿಲು, ಹೆಚ್ಚೆಂದರೆ ಮೂರನೇದು ಸಾಕು. ನಲಿಕಲಿ ತರಗತಿಯಲ್ಲಿ ಹಾಡು ದಿನಾ ಇದ್ದೇ ಇರುತ್ತೆ, ಅದರಲ್ಲೇ ಸೇರಿಸಬಹುದು. ನಾಲ್ಕು ಐದನೇ ಕ್ಲಾಸಿಗೆ ಸುತ್ತು ಹಾಡು ಸಲೀಸು. ಎರಡನೇ ಧ್ವನಿಗೆ ಬೇರೆಯದೇ ಸ್ವರ ಕಟ್ಟಿದ ಹಾಡುಗಳನ್ನ ಆರು ಏಳನೇ ಕ್ಲಾಸಿಗೆ ಇಟ್ಟುಕೊಳ್ಳಿ. ಏಳನೇ ಕ್ಲಾಸಿನ ಕೆಲವು ಹುಡುಗರಿಗೆ ಧ್ವನಿ ಒಡೆಯೋಕೆ ಶುರುವಾಗಿರುತ್ತೆ. ಅವರನ್ನ ನೋಡಿ ನಗೋಕೆ ಬಿಡಬೇಡಿ, ಕೆಳಗಿನ ಸ್ವರದ ಶ್ರುತಿ ಅವರಿಗೆ ಕೊಡಿ. ಗುಂಪಿಗೆ ಅಡಿಪಾಯ ಸಿಕ್ಕಿದ ಹಾಗಾಗುತ್ತೆ.

ಒಂದು ಸುತ್ತು ಹಾಡು, ಇವತ್ತೇ ಹಾಡಿ ನೋಡಿ

ಮೋಹನ ರಾಗದ ಐದೇ ಸ್ವರ: ಸ ರಿ ಗ ಪ ದ. ಹಿಂದೂಸ್ತಾನಿಯವರು ಭೂಪ್ ಅನ್ನೋದೂ ಇದೇ ಸ್ವರಗಳನ್ನ. ಇದರಲ್ಲಿ ತೀರಾ ಒತ್ತೊತ್ತಾಗಿ ಕೂತ ಎರಡು ಸ್ವರಗಳು ಇಲ್ಲ. ಹಾಗಾಗಿ ಯಾವ ಸ್ವರದ ಜೊತೆ ಯಾವುದು ಸಿಕ್ಕಿದರೂ ಕಿವಿಗೆ ಚುಚ್ಚೋದಿಲ್ಲ. ಮಕ್ಕಳು ಸ್ವಲ್ಪ ತಪ್ಪಿದರೂ ಹಾಡು ಕೆಡೋದಿಲ್ಲ. ಮಲೆನಾಡಿನ ಮಕ್ಕಳಿಗೆ ಹೊಂದುವ ಹಾಗೆ ನಾಲ್ಕು ಸಾಲು ಇಲ್ಲಿ ಕಟ್ಟಿಕೊಟ್ಟಿದೀವಿ. ಒಂದು ಸಾಲಿಗೆ ನಾಲ್ಕು ಪೆಟ್ಟು, ಒಂದು ಪೆಟ್ಟಿಗೆ ಒಂದು ಸ್ವರ.

ಮೊದಲ ಸಾಲು: ಮ – ಳೆ – ಬಂ – ತು (ಸ ಸ ರಿ ಗ)
ಎರಡನೇ ಸಾಲು: ಹೊ – ಳೆ – ತುಂಬ್ – ತು (ಗ ಗ ಪ ಪ)
ಮೂರನೇ ಸಾಲು: ಕೊ – ಡೆ – ತಾ – ರೋ (ದ ದ ಪ ಗ)
ನಾಲ್ಕನೇ ಸಾಲು: ಮ – ನೆ – ಸೇ – ರೋ (ಗ ಗ ರಿ ಸ)

ಮೊದಲು ಎಲ್ಲರೂ ಒಟ್ಟಿಗೆ ಕಲೀಲಿ. ಪುಸ್ತಕ ನೋಡದೆ, ನಿದ್ದೆಗಣ್ಣಲ್ಲೂ ಹಾಡುವಷ್ಟು ಬಾಯಿಗೆ ಬರಲಿ. ಆಮೇಲೆ ಎರಡು ಗುಂಪು ಮಾಡಿ. ಮೊದಲ ಗುಂಪು ‘ಮಳೆ ಬಂತು’ ಮುಗಿಸಿ ‘ಹೊಳೆ ತುಂಬ್ತು’ಗೆ ಹೋದ ಕೂಡಲೇ ಎರಡನೇ ಗುಂಪು ‘ಮಳೆ ಬಂತು’ ಶುರು ಮಾಡಲಿ. ಎರಡೂ ಗುಂಪು ಮೂರು ಮೂರು ಸುತ್ತು ಹಾಡಿ ನಿಲ್ಲಿಸಲಿ. ಮೊದಲ ಗುಂಪು ಮುಗಿಸಿದ ಮೇಲೆ ಎರಡನೇ ಗುಂಪಿನ ಕೊನೇ ಸಾಲು ಒಂದೇ ಕೇಳುತ್ತೆ. ಹಾಗೇ ಇರಬೇಕು, ಅದು ತಪ್ಪಲ್ಲ.

ಇದು ಯಾಕೆ ಹೊಂದುತ್ತೆ ಅಂತ ತಿಳಿಯೋಕೆ ಮೇಲಿನ ನಾಲ್ಕು ಸಾಲಿನ ಸ್ವರಗಳನ್ನ ಮೇಲಿಂದ ಕೆಳಗೆ ಓದಿ. ಮೊದಲ ಪೆಟ್ಟಿನಲ್ಲಿ ಸ, ಗ, ದ, ಗ. ಮೂರನೇ ಪೆಟ್ಟಿನಲ್ಲಿ ರಿ, ಪ, ಪ, ರಿ. ಕೊನೇ ಪೆಟ್ಟಿನಲ್ಲಿ ಗ, ಪ, ಗ, ಸ. ಒಂದಕ್ಕೊಂದು ಕೂಡುವ ಸ್ವರಗಳೇ ಒಟ್ಟಿಗೆ ಬರುವ ಹಾಗೆ ಸಾಲುಗಳನ್ನ ಜೋಡಿಸಿದೆ. ಸುತ್ತು ಹಾಡಿನ ಗುಟ್ಟು ಇಷ್ಟೇ. ಈ ಲೆಕ್ಕ ಹಿಡಿದರೆ ಮಕ್ಕಳೇ ಹೊಸ ಮಾತು ಹಾಕಿ ತಮ್ಮದೇ ಹಾಡು ಕಟ್ಟಬಹುದು. ಎರಡು ಗುಂಪು ಗಟ್ಟಿಯಾದ ಮೇಲೆ ಇದೇ ಹಾಡನ್ನ ನಾಲ್ಕು ಗುಂಪಿನಲ್ಲೂ ಹಾಡಿಸಬಹುದು.

ಎಲ್ಲಿ ಎಡವುತ್ತೆ?

ಮೊದಲ ದಿನ ಖಂಡಿತ ಗೋಜಲಾಗುತ್ತೆ. ಎರಡನೇ ಗುಂಪು ಮೊದಲ ಗುಂಪಿನ ಸಾಲಿಗೇ ಜಾರಿಕೊಂಡು ಹೋಗುತ್ತೆ. ಕೆಲವು ಮಕ್ಕಳು ಕಿವಿ ಮುಚ್ಚಿಕೊಂಡು ಹಾಡೋಕೆ ನೋಡುತ್ತವೆ. ಅದಕ್ಕೆ ಬಿಡಬೇಡಿ. ಇನ್ನೊಬ್ಬರನ್ನ ಕೇಳದೆ ತನ್ನ ಸಾಲು ಉಳಿಸಿಕೊಂಡರೆ ಏನೂ ಕಲಿತ ಹಾಗಾಗಲಿಲ್ಲ. ಇನ್ನೊಬ್ಬರನ್ನ ಕೇಳ್ತಾ ಕೇಳ್ತಾನೇ ತನ್ನ ಸಾಲು ಬಿಡದೇ ಇರೋದು ಇಲ್ಲಿಯ ಪಾಠ.

ಗುಂಪುಗಳನ್ನ ಮೊದಲು ಕೋಣೆಯ ಎರಡು ಮೂಲೆಯಲ್ಲಿ ನಿಲ್ಲಿಸಿ. ಗಟ್ಟಿಯಾದ ಮೇಲೆ ಎದುರು ಬದುರು ನಿಲ್ಲಿಸಿ. ಕೊನೆಗೆ ಬೆರಕೆ ಮಾಡಿ ನಿಲ್ಲಿಸಿ. ಪ್ರತಿ ಗುಂಪಿನಲ್ಲೂ ಹಾಡು ಹಿಡಿಯುವ ಒಂದಿಬ್ಬರು ಇರಲಿ. ಚೆನ್ನಾಗಿ ಹಾಡುವವರನ್ನೆಲ್ಲ ಒಂದೇ ಕಡೆ ಹಾಕಿದರೆ ಇನ್ನೊಂದು ಕಡೆ ಬೀಳುತ್ತೆ.

ವೇಗ ಇನ್ನೊಂದು ಕಾಟ. ಎರಡು ಗುಂಪು ಸೇರಿದರೆ ಓಟದ ಪಂದ್ಯ ಶುರುವಾಗುತ್ತೆ. ಒಬ್ಬ ಹುಡುಗನ ಕೈಗೆ ತಾಳ ಕೊಡಿ, ತಾಳ ಇಲ್ಲದಿದ್ದರೆ ಬೆಂಚಿನ ಮೇಲೆ ಸ್ಕೇಲು ಬಡಿದರೂ ಸೈ. ಮೈಕ್ ಮಾತ್ರ ಬೇಡ. ಮೈಕ್ ಮುಂದೆ ನಿಂತ ಮೂವರ ಧ್ವನಿ ಉಳಿದ ಮೂವತ್ತು ಜನರದ್ದನ್ನ ನುಂಗಿಬಿಡುತ್ತೆ.

ಮಾತಾಡದೆ ಸ್ವರ ತೋರಿಸೋಕೆ ಕೈ ಸನ್ನೆಯೂ ಇದೆ. ಇಂಗ್ಲೆಂಡಿನ ಜಾನ್ ಕರ್ವೆನ್ 19ನೇ ಶತಮಾನದಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಹಸ್ತ ಮುದ್ರೆ ಗೊತ್ತುಮಾಡಿದರು. ಆಮೇಲೆ ಹಂಗೆರಿಯಲ್ಲಿ ಜೋಲ್ತಾನ್ ಕೊಡಾಯ್ (1882–1967) ಅವರ ಹೆಸರಿನ ಪದ್ಧತಿಯಲ್ಲಿ ಅದು ಲೋಕಕ್ಕೆಲ್ಲ ಹಬ್ಬಿತು. ಬಲಗೈ ಒಂದು ಗುಂಪಿಗೆ, ಎಡಗೈ ಇನ್ನೊಂದು ಗುಂಪಿಗೆ ತೋರಿಸಿದರೆ ಪುಸ್ತಕ, ಬೋರ್ಡು ಏನೂ ಬೇಡ. ನಾವು ಮುಷ್ಟಿ ‘ಸ’, ಅಂಗೈ ‘ಗ’, ಎತ್ತಿದ ಕೈ ‘ಪ’ ಅಂತ ನಮ್ಮದೇ ಸನ್ನೆ ಮಾಡಿಕೊಂಡರೂ ಆಗುತ್ತೆ. ಕೊಡಾಯ್ ಹೇಳಿದ ಇನ್ನೊಂದು ವಿಷಯ ನಮಗೆ ಮುಖ್ಯ. ಮಕ್ಕಳ ಸಂಗೀತ ಮನೆಮಾತಿನ ಜನಪದ ಹಾಡಿನಿಂದಲೇ ಶುರುವಾಗಬೇಕು ಅಂತ ಅವರು ಹಟ ಹಿಡಿದವರು. ಹಂಗೆರಿಯ ಹಳೇ ಜನಪದ ಹಾಡುಗಳೂ ಹೆಚ್ಚಿನವು ಐದು ಸ್ವರದವೇ.

ನಾಡಗೀತೆಯನ್ನ ಹೀಗೆ ಹಾಡಬಹುದಾ?

ಬೇಡ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಹಾಡು 2004ರಲ್ಲಿ ನಾಡಗೀತೆಯಾಯಿತು. ಅದನ್ನ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ 2022ರಲ್ಲಿ ಸರ್ಕಾರ ಆದೇಶ ಮಾಡಿದೆ. ರಾಷ್ಟ್ರಗೀತೆಗೂ 52 ಸೆಕೆಂಡಿನ ಕ್ರಮ ಇದೆ. ಇವೆರಡನ್ನೂ ಇರುವ ಹಾಗೇ ಎಲ್ಲರೂ ಒಂದೇ ಧ್ವನಿಯಲ್ಲಿ ಹಾಡಬೇಕು. ಆದರೆ ಎರಡು ಧ್ವನಿ ಅಭ್ಯಾಸ ಮಾಡಿದ ಮಕ್ಕಳು ನಾಡಗೀತೆಯನ್ನೂ ಹೆಚ್ಚು ಹೊಂದಿಕೊಂಡು ಹಾಡ್ತಾರೆ. ಪಕ್ಕದವರನ್ನ ಕೇಳುವ ಅಭ್ಯಾಸ ಆಗಿರುತ್ತಲ್ಲ.

ಸಣ್ಣ ಶಾಲೆಗೆ ಇದು ಸಾಧ್ಯವಾ?

ನಮ್ಮ ಮೂರೂ ತಾಲ್ಲೂಕಿನಲ್ಲಿ, ಅಂದ್ರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ, ಎಷ್ಟೋ ಶಾಲೆಗಳಲ್ಲಿ ಮಕ್ಕಳು ಬೆರಳೆಣಿಕೆಯಷ್ಟು. ಸಂಗೀತ ಶಿಕ್ಷಕರು ಅನ್ನೋ ಹುದ್ದೆ ಹೆಚ್ಚಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಕನಸು. ಒಬ್ಬರೇ ಮೇಷ್ಟ್ರು ಐದು ಕ್ಲಾಸು ನೋಡಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೀಬೇಕು.

ಆದರೆ ಈ ಹಾಡಿಗೆ ಸಣ್ಣ ಶಾಲೆಯೇ ಅನುಕೂಲ. ಹನ್ನೆರಡು ಮಕ್ಕಳಿದ್ದರೆ ಆರು ಆರು ಎರಡು ಗುಂಪು. ಆರೇ ಮಕ್ಕಳಿದ್ದರೆ ಮೂರು ಮೂರು. ಎಲ್ಲಾ ಕ್ಲಾಸಿನವರು ಒಂದೇ ಕೋಣೆಯಲ್ಲಿ ಕೂರೋದರಿಂದ ದೊಡ್ಡವರು ಹಾಡು ಹಿಡಿದರೆ ಚಿಕ್ಕವರು ಶ್ರುತಿ ಹಿಡೀಬಹುದು. ಆರು ಮಕ್ಕಳ ಶಾಲೆಯಲ್ಲಿ ಒಂದು ಮಗುವನ್ನ ಸುಮ್ಮನಿರು ಅಂದರೆ ಆರರಲ್ಲಿ ಒಂದು ಪಾಲು ಹಾಡೇ ಹೋಯಿತು. ಅಲ್ಲಿ ಪ್ರತಿ ಮಗುವಿನ ಧ್ವನಿಯೂ ಬೇಕೇ ಬೇಕು. ದಿನಕ್ಕೆ ಹತ್ತು ನಿಮಿಷ, ಪ್ರಾರ್ಥನೆ ಆದ ಮೇಲೋ ಸಂಜೆ ಬೆಲ್ಲಿಗೆ ಮೊದಲೋ ತೆಗೆದಿಟ್ಟರೆ ಸಾಕು.

ಅಂಗಡಿಯವರು, ಊರಿನವರು ಏನು ಮಾಡಬಹುದು?

ರಾಜ್ಯೋತ್ಸವಕ್ಕೆ, ಸ್ವಾತಂತ್ರ್ಯ ದಿನಕ್ಕೆ, ವಾರ್ಷಿಕೋತ್ಸವಕ್ಕೆ ಪೇಟೆಯ ಅಂಗಡಿಯವರು ಬಹುಮಾನ ಕೊಡೋದು ಇದ್ದೇ ಇದೆ. ಸ್ಟೀಲ್ ಲೋಟ, ತಟ್ಟೆ, ಟಿಫಿನ್ ಬಾಕ್ಸ್ ಎಲ್ಲಾ ಹೋಗೋದು ಹೆಚ್ಚಾಗಿ ಒಬ್ಬರೇ ಹಾಡುವ ಭಾವಗೀತೆ, ದೇಶಭಕ್ತಿ ಗೀತೆಗೆ. ಬಹುಮಾನ ಎಲ್ಲಿದೆಯೋ ಅಭ್ಯಾಸ ಅಲ್ಲಿಗೇ ಹೋಗುತ್ತೆ. ಪ್ರತಿ ಶಾಲೆಯೂ ಹಾಡುವ ಒಂದೆರಡು ಮಕ್ಕಳನ್ನ ಹುಡುಕಿ ಅವರಿಗೇ ಕಲಿಸುತ್ತೆ. ಉಳಿದವರು ಚಪ್ಪಾಳೆ ಹೊಡೀತಾರೆ.

ಒಂದು ಬಹುಮಾನವನ್ನ ಇಡೀ ಶಾಲೆಗೆ ಅಂತ ಇಡಿ. ನಿಯಮ ಒಂದೇ ಇರಲಿ: ಹಾಜರಿ ಪುಸ್ತಕದಲ್ಲಿ ಹೆಸರಿರೋ, ಆ ದಿನ ಬಂದಿರೋ ಎಲ್ಲ ಮಕ್ಕಳೂ ವೇದಿಕೆ ಮೇಲಿರಬೇಕು, ಎರಡು ಗುಂಪಾಗಿ ಹಾಡಬೇಕು. ಬಹುಮಾನಕ್ಕೆ ಒಂದು ಶ್ರುತಿ ಪೆಟ್ಟಿಗೆ ಅಥವಾ ಒಂದು ಜೊತೆ ತಾಳ ಕೊಟ್ಟರೆ ಅದು ಶಾಲೆಯಲ್ಲೇ ಉಳಿಯುತ್ತೆ, ಮುಂದಿನ ವರ್ಷದ ಮಕ್ಕಳಿಗೂ ಆಗುತ್ತೆ.

ಭಜನಾ ಮಂಡಳಿಯವರು, ಯಕ್ಷಗಾನ ಬಲ್ಲವರು, ಅಂಟಿಗೆ ಪಂಟಿಗೆ ಪದ ಗೊತ್ತಿರುವ ಹಿರಿಯರು, ಚರ್ಚಿನ ಗಾಯಕವೃಂದದವರು ವಾರಕ್ಕೊಂದು ದಿನ ಅರ್ಧ ಗಂಟೆ ಹತ್ತಿರದ ಶಾಲೆಗೆ ಹೋದರೆ ಸಂಗೀತ ಮೇಷ್ಟ್ರಿಲ್ಲದ ಕೊರತೆ ಎಷ್ಟೋ ತುಂಬುತ್ತೆ. ಹೋಗುವ ಮೊದಲು ಮುಖ್ಯ ಶಿಕ್ಷಕರನ್ನ, ಎಸ್‌ಡಿಎಂಸಿಯವರನ್ನ ಕೇಳಿ ಒಪ್ಪಿಗೆ ತಗೊಳ್ಳಿ.

‘ಮಳೆ ಬಂತು’ ಸುತ್ತು ಹಾಡನ್ನ ಯಾವುದಾದರೂ ಶಾಲೆಯಲ್ಲಿ ಹಾಡಿಸಿದರೆ ನಮಗೆ ತಿಳಿಸಿ, ಬಂದು ವರದಿ ಮಾಡ್ತೀವಿ. ಸ್ವರ ಅಲ್ಲಲ್ಲಿ ಜಾರಿದ್ದರೂ ಪರವಾಗಿಲ್ಲ. ಕೊನೇ ಸಾಲಿನ ಮಕ್ಕಳೂ ಹಾಡ್ತಾ ಇದ್ದರೆ ಸಾಕು.